ಕಿವಿ ಮಿಸ್ತ್ರಿಗೆ ಮುಂಬೈ ತೋರಿಸುವುದು

ಕುರ್ಲಾ, ಮುಂಬೈ
12 ನವೆಂಬರ್ 2025

ಅಬ್ಬಾ,

ಅಕ್ಷರ ನೋಡಿಯೇ ಗುರುತು ಹಿಡಿದಿರುತ್ತೀರಿ. ಊರು ಬಿಟ್ಟು ನಾಲ್ಕೂವರೆ ವರ್ಷವಾಯಿತು, ನಿಮಗೆ ಇದು ಮೊದಲ ಕಾಗದ. ಅಮ್ಮಿಯ ಜೊತೆ ಫೋನಿನಲ್ಲಿ ಮಾತಾಡುತ್ತೇನೆ. ನಿಮ್ಮ ಕಿವಿ ಈಗ ಪೂರಾ ಹೋಗಿದೆ, ಹತ್ತಿರ ನಿಂತು ಕೂಗಿದರೂ ಕೇಳುವುದಿಲ್ಲ, ಬಾಯಿ ನೋಡಿಯೇ ಮಾತು ತಿಳಿಯುತ್ತೀರಿ ಅಂತ ಅವಳು ಹೇಳಿದಳು. ನಿಮಗೆ ಹೇಳಬೇಕಾದ್ದನ್ನು ಅವಳ ಬಾಯಿಂದ ಹೇಳಿಸುವುದು ನನಗೆ ಸರಿಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಇಷ್ಟೇ. ಜನವರಿ ಹದಿನಾರು, ಶುಕ್ರವಾರ, ಇಲ್ಲಿಂದ ಗೋವಾಕ್ಕೆ ಒಂದು ಕ್ರೂಸ್ ಹೊರಡುತ್ತದೆ. ನಾನು ಕೆಲಸ ಮಾಡುವ ಲಾಂಡ್ರಿಯ ಶೇಠರಿಗೆ ಅದನ್ನು ನಡೆಸುವವರ ಪರಿಚಯವಿದೆ, ನನಗೆ ಇಬ್ಬರ ಪಾಸು ಕೊಡಿಸಿದ್ದಾರೆ. ನೀವು ಬರಬೇಕು. ಎರಡು ದಿನ ಮೊದಲೇ ಬಂದರೆ ಮುಂಬೈ ತೋರಿಸುತ್ತೇನೆ. ಆಮೇಲೆ ಕ್ರೂಸಿನಲ್ಲಿ ನಾವಿಬ್ಬರೇ. ಜಾಗ ಬೇಕಾದಷ್ಟಿರುತ್ತದೆ, ಮಲಗಿಕೊಂಡೇ ಹೋಗಬಹುದು.

ಬರುತ್ತೀರೋ ಇಲ್ಲವೋ, ಒಂದು ಸಾಲು ಬರೆಯಿರಿ.

ನಿಮ್ಮ
ಮುಸರತ


ಹುಬ್ಬಳ್ಳಿ
23 ನವೆಂಬರ್ 2025

ಮುಸರತ,

ಪೋಸ್ಟಿನವನು ಕೊಟ್ಟ ಕಾಗದವನ್ನು ಬಾಗಿಲಲ್ಲೇ ನಿಂತು ಒಡೆದೆ. ಓದಿ ಮುಗಿಸಿದಾಗ ಮೈಯೆಲ್ಲ ಉರಿಯಿತು. ನಾಲ್ಕೂವರೆ ವರ್ಷ ಬಾಯಿ ಮುಚ್ಚಿಕೊಂಡು ಕೂತದ್ದು ಈ ಮಾತಿಗಾಗಿಯೇ?

ನಾನು ಕ್ರೂಸರ್ ಹತ್ತಬೇಕೆ? ಅರ್ಧ ಹೆಸರು ಬರೆದರೆ ನನಗೆ ತಿಳಿಯುವುದಿಲ್ಲ ಅಂದುಕೊಂಡೆಯಾ? ಆ ಜೀಪಿನ ಹೊಟ್ಟೆಯ ಕೆಳಗೆ ಮಲಗಿಯೇ ನನ್ನ ಕೂದಲು ಬೆಳ್ಳಗಾದದ್ದು. ನಿನ್ನ ಗಂಡ ಶಹಬಾಜ ಕೂತು ಹೋದದ್ದು ಅಂಥದರಲ್ಲೇ. ಹೊರಟದ್ದು ನನ್ನ ಗ್ಯಾರೇಜಿನ ಬಾಗಿಲಿನಿಂದ. ಇಳಕಲ್ಲಿಗೆ ನಿಶ್ಚಿತಾರ್ಥಕ್ಕೆಂದು ಹೊರಟ ಒಂಬತ್ತು ಜನರಲ್ಲಿ ಎಂಟು ಜನ ತಿರುಗಿ ಮನೆಗೆ ಬಂದರು. ಆವತ್ತಿನಿಂದ ಅಂಥ ಗಾಡಿಯನ್ನು ಗ್ಯಾರೇಜಿನ ಒಳಗೆ ಬಿಟ್ಟುಕೊಂಡಿಲ್ಲ, ರಸ್ತೆಯಲ್ಲಿ ಕಂಡರೂ ಮುಖ ತಿರುಗಿಸುತ್ತೇನೆ. ಮಲಗಿಕೊಂಡೇ ಹೋಗಬಹುದು ಅಂತ ಬೇರೆ ಬರೆದಿದ್ದೀ. ಅದರಿಂದ ಮಲಗಿಸಿ ಇಳಿಸಿದವನನ್ನು ನಾನು ನೋಡಿದ್ದೇನೆ ಮುಸರತ, ನೀನೂ ನೋಡಿದ್ದೀ.

ಚುಚ್ಚುವುದಿದ್ದರೆ ನೇರವಾಗಿ ಚುಚ್ಚು. ಮುಂಬೈ ತೋರಿಸುವ ನೆಪ ಬೇಡ.

ನಿನ್ನ ಅಮ್ಮಿಗೆ ಇದ್ಯಾವುದೂ ತಲೆಗೆ ಹೋಗುತ್ತಿಲ್ಲ. "ಹುಡುಗಿ ತಾನಾಗೇ ಕರದಾಳ, ಬಾಯಿ ಮುಚ್ಚಿ ಹೋಗಿ ಬರ್ರಿ" ಅನ್ನುತ್ತಾಳೆ. ನಾನು ಬರುವುದಿಲ್ಲ.

ಅಹಮದಸಾಬ


ಕುರ್ಲಾ
3 ಡಿಸೆಂಬರ್ 2025

ಅಬ್ಬಾ,

ಕ್ರೂಸ್ ಅಂದರೆ ಹಡಗು!

ನಿಮ್ಮ ಕಾಗದ ಓದಿ ಮೊದಲು ನಗು ಬಂತು. ಲಾಂಡ್ರಿಯಲ್ಲಿ ಜೊತೆಗಿರುವ ನಾಹಿದಾ ಏನಾಯಿತು ಅಂತ ಕೇಳಿದಳು, ಹೇಳಲು ಹೋದೆ, ಅಳು ಬಂತು. ತಪ್ಪು ನನ್ನದೇ. ಇಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ, ಹುಬ್ಬಳ್ಳಿಯಲ್ಲಿ ಆ ಮಾತಿಗೆ ಇನ್ನೊಂದು ಅರ್ಥ ಇದೆ ಅನ್ನುವುದು ಹೊಳೆಯಲೇ ಇಲ್ಲ. ಮರೆತೆ ಅಂತಲ್ಲ. ಮರೆಯಲಿಕ್ಕೆ ಹೆಣಗಿದ್ದೆ ಅನ್ನಿ.

ದೊಡ್ಡ ಹಡಗು. ಹತ್ತು ಹನ್ನೊಂದು ಅಂತಸ್ತು. ಅದರ ಹಾಸಿಗೆಯ ಚಾದರುಗಳನ್ನು ಒಗೆದು ಇಸ್ತ್ರಿ ಮಾಡುವುದು ನಾವೇ, ಪಾಸು ಸಿಕ್ಕಿದ್ದೂ ಅದಕ್ಕೇ. ನಿಮಗೆ ಹುಬ್ಬಳ್ಳಿಯ ದಾದರ್ ರೈಲಿನಲ್ಲಿ ಹದಿಮೂರಕ್ಕೆ ಸೀಟು ಮಾಡಿಸುತ್ತೇನೆ, ಹದಿನಾಲ್ಕರ ಬೆಳಿಗ್ಗೆ ಇಳಿಸಿಕೊಳ್ಳುತ್ತೇನೆ. ಆವತ್ತು ಹಾಜಿ ಅಲಿ ದರ್ಗಾ. ಸಮುದ್ರದ ನೀರು ಏರಿದರೆ ಅಲ್ಲಿಗೆ ಹೋಗುವ ದಾರಿಯೇ ಮುಳುಗುತ್ತದೆ, ಅದರ ಹೊತ್ತು ಕೇಳಿಕೊಂಡು ಹೊರಡಬೇಕು. ಸಂಜೆ ಮರೀನ್ ಡ್ರೈವ್. ಮಾರನೇ ದಿನ ವಿ.ಟಿ. ಸ್ಟೇಷನ್, ಗೇಟ್‌ವೇ, ಮತ್ತೆ ಚೋರ್ ಬಜಾರ್. ಅಲ್ಲಿ ಹಳೇ ಪಾನಾ, ಸ್ಪ್ಯಾನರುಗಳ ರಾಶಿ ಕಂಡರೆ ನೀವು ನನ್ನನ್ನು ಮರೆತುಬಿಡುತ್ತೀರಿ ಅನ್ನುವುದು ಗೊತ್ತಿದ್ದೇ ಸೇರಿಸಿದ್ದೇನೆ.

ಹಡಗೇ ಯಾಕೆ ಅಂತಲೂ ಹೇಳಿಬಿಡುತ್ತೇನೆ. ಮನೆಯಲ್ಲಿ ಮಾತು ಬಿಸಿಯಾದ ಕೂಡಲೇ ನೀವು ಎದ್ದು ಗ್ಯಾರೇಜಿಗೆ ಹೋಗುವವರು. ಸಮುದ್ರದ ನಡುವೆ ಎದ್ದು ಹೋಗಲು ಜಾಗವಿಲ್ಲ. ನೀವು ನನಗೊಂದು ಉತ್ತರ ಕೊಡುವುದಿದೆ.

ಊರೆಲ್ಲ ನಿಮ್ಮನ್ನು ಕಿವಿ ಮಿಸ್ತ್ರಿ ಅನ್ನುತ್ತಿತ್ತು. ಗಾಡಿಯ ಸಪ್ಪಳ ಕೇಳಿಯೇ ರೋಗ ಹೇಳುವವರು ಅಂತ. ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗಲೇ ಆ ಕಿವಿ ಮಂದವಾಗಿತ್ತು, ಅದು ಗೊತ್ತಿದ್ದದ್ದು ನನಗೊಬ್ಬಳಿಗೇ. ಅಮ್ಮಿಗೂ ಗೊತ್ತಿರಲಿಲ್ಲ. ನೀವು ಗಾಡಿ ಓಡಿಸುವಾಗ ನಾನು ಪಕ್ಕದಲ್ಲಿ ಕೂತು ನಿಮ್ಮ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದೆ. ಒಂದು ಸಲ ಒತ್ತಿದರೆ ಗಾಡಿ ಸರಿ ಇದೆ. ಎರಡು ಸಲ ಒತ್ತಿದರೆ ಸಪ್ಪಳ ಇದೆ. ಮಗಳ ಮೇಲೆ ಎಷ್ಟು ಪ್ರೀತಿ, ಕೈ ಬಿಡುವುದೇ ಇಲ್ಲ ಅಂತ ಜನ ನಗುತ್ತಿದ್ದರು.

ನನ್ನ ಮದುವೆಯಾಯಿತು, ಧಾರವಾಡದ ಮಾಳಮಡ್ಡಿಗೆ ಹೋದೆ. ಎರಡು ವರ್ಷದ ಮೇಲೆ ಆ ಕ್ರೂಸರ್ ನಿಮ್ಮ ಗ್ಯಾರೇಜಿಗೆ ಬಂತು. ಆವತ್ತು ನಿಮ್ಮ ಪಕ್ಕದಲ್ಲಿ ಯಾರಿದ್ದರು? "ನಾನೇ ಓಡಿಸಿ ನೋಡೇನಿ, ಏನೂ ಸಪ್ಪಳ ಇರಲಿಲ್ಲ" ಅಂತ ಕೋರ್ಟಿನಲ್ಲಿ ಹೇಳಿದಿರಿ. ಕಿವಿ ಮಿಸ್ತ್ರಿಯ ಮಾತು ಅಂತ ನಂಬಿದರು. ಡ್ರೈವರ್ ಫಕೀರಪ್ಪ ಜೋರಾಗಿ ಹೊಡೆದು ಸೇತುವೆಗೆ ಗುದ್ದಿದ ಅಂತಾಯಿತು. ಅವನು ಗಾಲಿ ಕಳಚಿತು ಅಂತ ಎಷ್ಟು ಬಡಕೊಂಡರೂ ಒಂದು ವರ್ಷ ಜೈಲಾಯಿತು.

ನಿಮಗೆ ಕೇಳಿಸಿತ್ತೇ, ಇಲ್ಲವೇ? ಇದಿಷ್ಟೇ ನನಗೆ ಬೇಕು. ನಾನೂ ಒಂದು ಮಾತು ಹೇಳುವುದಿದೆ. ನೆಲದ ಮೇಲೆ ನಿಂತು ಅದು ನನ್ನ ಬಾಯಿಂದ ಹೊರಡುವುದಿಲ್ಲ.

ನಿಮ್ಮ
ಮುಸರತ


ಹುಬ್ಬಳ್ಳಿ
15 ಡಿಸೆಂಬರ್ 2025

ಮಗಳೇ,

ಹಡಗು ಅಂತ ಓದಿ ಹೇಳಿದೆ, ನಿನ್ನ ಅಮ್ಮಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಜೀಪಿನ್ಯಾಗ ಹನ್ನೊಂದ ಅಂತಸ್ತು!" ಅಂತ ಓಣಿಗೆಲ್ಲ ಹೇಳಿ ಬಂದಿದ್ದಾಳೆ. ಮುದುಕನ ಮರ್ಯಾದೆ ಹೋಯಿತು. ಹಿಂದಿನ ಕಾಗದ ಹರಿದು ಹಾಕು.

ಬರುತ್ತೇನೆ. ನಿನ್ನ ಅಮ್ಮಿಗೂ ಬಾ ಅಂದೆ, "ನನಗ ಕೆರಿ ನೀರು ಕಂಡ್ರಽ ತಲಿ ತಿರಗತೈತಿ" ಅಂತ ಒಲ್ಲೆ ಅಂದಳು. ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಈಗಲೇ ಡಬ್ಬಿಗೆ ಹಾಕಿಟ್ಟಿದ್ದಾಳೆ. ಇನ್ನೂ ಒಂದು ತಿಂಗಳಿದೆ ಅಂದರೆ ಕೇಳುವುದಿಲ್ಲ.

ನಿನ್ನ ಪಟ್ಟಿಯನ್ನು ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ ಬರೆದು ಗೋಡೆಗೆ ಅಂಟಿಸಿದ್ದೇನೆ. ಎರಡು ದಿನಕ್ಕೆ ಇದು ಭಾಳ ಆಯಿತು. ಗೇಟ್‌ವೇ ತೆಗೆದು ಹಾಕು, ಅದನ್ನು ಚಿತ್ರದಲ್ಲಿ ನೋಡಿದ್ದೇನೆ. ಹಾಜಿ ಅಲಿಗೆ ನಡೆಯುವುದು ಎಷ್ಟು ದೂರ? ಅಲ್ಲಿ ಕೂತು ಶಹಬಾಜನ ಹೆಸರಲ್ಲಿ ದುವಾ ಮಾಡಲು ಅರ್ಧ ತಾಸು ಇಡು. ಲೋಕಲ್ ರೈಲು ನಿಲ್ಲುವುದು ಅರ್ಧ ನಿಮಿಷ ಅನ್ನುತ್ತಾರೆ, ನನ್ನ ಮೊಣಕಾಲಿಗೆ ಅಷ್ಟರಲ್ಲಿ ಇಳಿಯಲು ಆಗುತ್ತದೆಯೇ? ರಸ್ತೆ ದಾಟುವಾಗ ಹಿಂದೆ ಹಾರ್ನ್ ಹೊಡೆದರೆ ನನಗೆ ತಿಳಿಯುವುದಿಲ್ಲ, ಅದೊಂದು ಹೆದರಿಕೆ. ಹಡಗಿನ ಇಂಜಿನ್ ನೋಡಿಕೊಳ್ಳುವ ಮಿಸ್ತ್ರಿ ಯಾರು ಅನ್ನುವುದನ್ನೂ ಕೇಳಿಡು.

ನೀನು ಕೇಳಿದ್ದಕ್ಕೆ ಹಡಗಿನಲ್ಲೇ ಉತ್ತರ ಕೊಡುತ್ತೇನೆ. ತಪ್ಪಿಸಿಕೊಳ್ಳುತ್ತಿದ್ದೇನೆ ಅನ್ನಬೇಡ.

ಮೊನ್ನೆ ಧಾರವಾಡದ ಮಾರ್ಕೆಟ್ಟಿನಲ್ಲಿ ಫಕೀರಪ್ಪನನ್ನು ಕಂಡೆ. ಜೈಲಿನಿಂದ ಬಂದ ಮೇಲೆ ಲೈಸೆನ್ಸ್ ಇಲ್ಲ, ಗಾಡಿ ಇಲ್ಲ. ತನ್ನ ಊರು ಉಪ್ಪಿನಬೆಟಗೇರಿಯಿಂದ ಮೆಂತ್ಯ, ಕೊತ್ತಂಬರಿ ತಂದು ನೆಲದ ಮೇಲೆ ಹರವಿಕೊಂಡು ಕೂತಿದ್ದ. ನಾನು ಬೇರೆ ಕಡೆ ತಿರುಗಬೇಕು ಅನ್ನುವಷ್ಟರಲ್ಲಿ ಎದ್ದು ನಿಂತು ಕೈ ಮುಗಿದ. "ಆರಾಮಿದ್ದೀರಿ ಮಿಸ್ತ್ರಿ?" ಅಂದದ್ದು ಬಾಯಿ ನೋಡಿ ತಿಳಿಯಿತು. ಬೈದಿದ್ದರೆ ಚಲೋ ಇತ್ತು. ಆವತ್ತಿನಿಂದ ಊಟ ಸೇರುತ್ತಿಲ್ಲ.

ಅಹಮದಸಾಬ


ಕುರ್ಲಾ
28 ಡಿಸೆಂಬರ್ 2025

ಅಬ್ಬಾ,

ಟಿಕೆಟ್ ಈ ಕಾಗದದ ಜೊತೆ ಇದೆ. ಹದಿಮೂರು, ಮಂಗಳವಾರ, ಮಧ್ಯಾಹ್ನ. ಕೆಳಗಿನ ಬರ್ತ್. ಆಧಾರ್ ಕಾರ್ಡ್ ಮರೆಯಬೇಡಿ, ಹಡಗಿಗೂ ಬೇಕು. ಒಂದು ಸ್ವೆಟರ್ ಇರಲಿ, ನೀರಿನ ಮೇಲೆ ಗಾಳಿ ಜೋರಂತೆ.

ಗೇಟ್‌ವೇ ತೆಗೆದೆ. ಲೋಕಲ್ ರೈಲನ್ನೂ ತೆಗೆದೆ, ಬಸ್ಸಿನಲ್ಲೇ ಹೋಗೋಣ, ಹೊತ್ತು ಹೋದರೆ ಹೋಗಲಿ. ಹಾಜಿ ಅಲಿಯಲ್ಲಿ ಅರ್ಧ ತಾಸಲ್ಲ, ಒಂದು ತಾಸು. ಮರೀನ್ ಡ್ರೈವ್‌ನಲ್ಲಿ ಕಟ್ಟೆಯ ಮೇಲೆ ಸುಮ್ಮನೆ ಕೂರುವುದು. ಮಾರನೇ ದಿನ ಚೋರ್ ಬಜಾರ್ ಮತ್ತು ವಿ.ಟಿ. ಮಾತ್ರ. ಮುಂಬೈ ಇಷ್ಟೇನಾ ಅಂತ ನಾಹಿದಾ ನಗುತ್ತಾಳೆ. ಇಷ್ಟು ಸಾಕು. ನಾನು ಬಂದು ನಾಲ್ಕೂವರೆ ವರ್ಷವಾದರೂ ಇದರಲ್ಲಿ ಅರ್ಧವನ್ನೂ ನೋಡಿಲ್ಲ, ಒಬ್ಬಳೇ ನೋಡುವ ಮನಸ್ಸಾಗಿರಲಿಲ್ಲ.

ರಸ್ತೆಯ ಹೆದರಿಕೆ ಬಿಡಿ. ನಿಮ್ಮ ಮಣಿಕಟ್ಟು ನನ್ನ ಕೈಯಲ್ಲಿರುತ್ತದೆ. ಒಂದು ಸಲ ಒತ್ತಿದರೆ ದಾಟಿ, ಎರಡು ಸಲ ಒತ್ತಿದರೆ ನಿಲ್ಲಿ. ಹಡಗು ಬಿಡುವಾಗ ದೊಡ್ಡ ಭೋಂಗಾ ಊದುತ್ತದಂತೆ. ಅದನ್ನೂ ಹೇಳುತ್ತೇನೆ.

ಫಕೀರಪ್ಪನ ವಿಷಯ ಓದಿ ನನಗೂ ಊಟ ಸೇರಲಿಲ್ಲ. ಬೇಗ ಬನ್ನಿ ಅಬ್ಬಾ.

ನಿಮ್ಮ
ಮುಸರತ


ಹುಬ್ಬಳ್ಳಿ
17 ಜನವರಿ 2026

ಮುಸರತ,

ಹದಿನಾಲ್ಕರಂದು ನೀನು ದಾದರಿನಲ್ಲಿ ಮಧ್ಯಾಹ್ನದವರೆಗೆ ನಿಂತಿದ್ದೆ ಅಂತ ಅಮ್ಮಿ ಹೇಳಿದಳು. ನಾನು ರೈಲು ಹತ್ತಿದ್ದು ನಿಜ, ಅವಳೇ ಸ್ಟೇಷನ್ನಿಗೆ ಬಂದು ಕೂರಿಸಿದ್ದಳು. ಧಾರವಾಡದಲ್ಲಿ ರೈಲು ನಿಂತಿತು. ಚೀಲ ತಗೊಂಡು ಇಳಿದುಬಿಟ್ಟೆ.

ಹುಬ್ಬಳ್ಳಿಯಿಂದ ಅಲ್ಲಿಯವರೆಗೆ ಒಂದೇ ಯೋಚನೆ. ಹಡಗಿನಲ್ಲಿ ನಿನಗೆ ಹೇಳುತ್ತೇನೆ, ನೀನು ಅಳುತ್ತೀ, ನಾನೂ ಅಳುತ್ತೇನೆ, ಬೆಳಗಾದರೆ ಇಬ್ಬರೂ ಚಹಾ ಕುಡಿಯುತ್ತೇವೆ. ಮೊದಲು ಯಾರಿಗೆ ಹೇಳಬೇಕೋ ಅವನು ಇಲ್ಲೇ ಸೊಪ್ಪು ಮಾರುತ್ತಾ ಕೂತಿರುತ್ತಾನೆ. ಅವನನ್ನು ದಾಟಿ ಮುಂಬೈ ನೋಡಲು ಹೋಗುವುದು ನನ್ನಿಂದ ಆಗಲಿಲ್ಲ.

ಉಪ್ಪಿನಬೆಟಗೇರಿಯ ಬಸ್ಸು ಆಗಲೇ ಹೋಗಿತ್ತು. ಕ್ರೂಸರ್ ನಿಂತಿತ್ತು. ಹತ್ತಿದೆ. ಡ್ರೈವರ್ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ತಗಡಿನ ಮೇಲೆ ಕೈ ಇಟ್ಟುಕೊಂಡಿದ್ದೆ. ಗಾಡಿ ಚೆನ್ನಾಗಿತ್ತು.

ಫಕೀರಪ್ಪ ಮನೆಯಲ್ಲೇ ಇದ್ದ. ಅವನ ಹೆಂಡತಿ ಶರಣವ್ವ ನೀರು, ಬೆಲ್ಲ ತಂದಿಟ್ಟಳು. ನಾನು ಮುಟ್ಟಲಿಲ್ಲ. ಅವನಿಗೆ ಏನು ಹೇಳಿದೆನೋ ಅದನ್ನೇ ನಿನಗೂ ಬರೆಯುತ್ತೇನೆ.

ಆ ದಿನ ನನಗೆ ಕೇಳಿಸಿರಲಿಲ್ಲ. ನೀನು ಮದುವೆಯಾಗಿ ಹೋದ ಮೇಲೆ ನಾನು ಕೈಯಿಂದ ಮುಟ್ಟಿ, ಸ್ಕ್ರೂ ಡ್ರೈವರಿನ ಒಂದು ತುದಿ ಗಾಡಿಗೆ ಒತ್ತಿ ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಸಪ್ಪಳ ತಿಳಿಯುತ್ತಿದ್ದೆ. ಅದಕ್ಕೆ ಹೊತ್ತು ಬೇಕು. ಆವತ್ತು ಹೊಸ ಬಟ್ಟೆ ಹಾಕಿಕೊಂಡ ಎಂಟು ಜನ, ಡ್ರೈವರು ಬೇರೆ, ಹೊತ್ತಾಯಿತು ಅಂತ ನಿಂತಿದ್ದರು. ಶಹಬಾಜನೇ ಬಂದು, "ಮಾಮಾ, ಮುಂದಿನ ಗಾಲಿ ಕಡೆ ಗುಂಯ್ ಅಂತ ಸಪ್ಪಳಾಗಾಕತ್ತೈತಿ, ನೋಡ್ರಿ" ಅಂದ. ನಾನು ಗಾಡಿ ಓಡಿಸಿ ಒಂದು ಸುತ್ತು ಹಾಕಿ ಬಂದೆ. ಏನೂ ಕೇಳಲಿಲ್ಲ. ಗಾಲಿ ಬಿಚ್ಚಿ ಬೇರಿಂಗ್ ನೋಡಬಹುದಿತ್ತು. ಬಿಚ್ಚಿದರೆ ಕಿವಿ ಮಿಸ್ತ್ರಿಗೆ ಕೇಳಲಿಲ್ಲ ಅಂತಾಗುತ್ತಿತ್ತು. ಎಲ್ಲರ ಮುಂದೆ, "ಏನೂ ಸಪ್ಪಳಿಲ್ಲ, ಹೋಗ್ರಿ" ಅಂದೆ. ಬೇರಿಂಗ್ ಸುಟ್ಟು ಗಾಲಿ ಕಳಚಿದೆ ಅನ್ನುವುದು ಆಮೇಲೆ ಪೊಲೀಸರು ಗಾಡಿ ತೋರಿಸಿದ ಕೂಡಲೇ ತಿಳಿಯಿತು. ಆಗಲೂ ಬಾಯಿ ಬಿಡಲಿಲ್ಲ. ನಿನ್ನ ಗಂಡನನ್ನು ಕೊಂದವನು ನಾನು. ಫಕೀರಪ್ಪನನ್ನು ಜೈಲಿಗೆ ಕಳಿಸಿದವನೂ ನಾನೇ.

ಇದನ್ನೆಲ್ಲ ಹೇಳಿ, ವಕೀಲರ ಹತ್ತಿರ ಬರೆದುಕೊಡುತ್ತೇನೆ ಅಂದೆ. ಫಕೀರಪ್ಪ ಎದ್ದು ಗೋಡೆಯ ಕಡೆ ತಿರುಗಿ ನಿಂತು ಏನೋ ಅಂದ. ಒಂದೆರಡು ಮಾತಲ್ಲ, ಬಹಳ ಅಂದ. ಅವನ ಬೆನ್ನಷ್ಟೇ ನನಗೆ ಕಾಣುತ್ತಿತ್ತು. ಶರಣವ್ವ ಬಾಯಿಗೆ ಸೆರಗು ಹಚ್ಚಿಕೊಂಡು ಅತ್ತಳು. ಏನಂದ ಅಂತ ಅವಳನ್ನು ಕೇಳಿದೆ, ತಲೆ ಅಲ್ಲಾಡಿಸಿದಳು, ಹೇಳಲಿಲ್ಲ.

ಶಾಪ ಹಾಕಿದನೋ, ಮಾಫಿ ಮಾಡಿದನೋ ನನಗೆ ಗೊತ್ತಿಲ್ಲ. ನನ್ನ ಮಣಿಕಟ್ಟು ಹಿಡಿಯಲು ಅಲ್ಲಿ ಯಾರೂ ಇರಲಿಲ್ಲ. ಇನ್ನು ನಿನ್ನ ಮುಂದೆ ಏನನ್ನೂ ಕೇಳುವ ಹಕ್ಕು ನನಗಿಲ್ಲ, ಆದರೂ ಕೇಳುತ್ತೇನೆ. ಒಮ್ಮೆ ಬಂದು ಅವನು ಏನಂದ ಅನ್ನುವುದನ್ನು ಕೇಳಿ ನನಗೆ ಹೇಳು. ಏನೇ ಇರಲಿ, ಹೇಳು.

ಅಹಮದಸಾಬ


ಕುರ್ಲಾ
9 ಫೆಬ್ರವರಿ 2026

ಅಬ್ಬಾ,

ಹಡಗಿನ ಪಾಸನ್ನು ನಾಹಿದಾಳಿಗೆ ಕೊಟ್ಟೆ, ತಂಗಿಯನ್ನು ಕರೆದುಕೊಂಡು ಹೋಗಿ ಬಂದಳು. ಹಾಸಿಗೆಯ ಚಾದರಿನ ಮೂಲೆಯಲ್ಲಿ ನಮ್ಮ ಲಾಂಡ್ರಿಯ ಗುರುತೇ ಇತ್ತಂತೆ.

ನಿಮ್ಮ ಕಾಗದವನ್ನು ಎರಡು ವಾರ ಚೀಲದಲ್ಲಿಟ್ಟುಕೊಂಡು ತಿರುಗಿದೆ. ಹೋದ ಗುರುವಾರ ಧಾರವಾಡಕ್ಕೆ ಬಂದು ಉಪ್ಪಿನಬೆಟಗೇರಿಗೆ ಹೋಗಿ ಬಂದೆ. ಹುಬ್ಬಳ್ಳಿಗೆ ಬರಲಿಲ್ಲ. ಅಮ್ಮಿಗೂ ಹೇಳಿಲ್ಲ. ಯಾಕೆ ಬರಲಿಲ್ಲ ಅನ್ನುವುದು ಈ ಕಾಗದ ಮುಗಿಯುವ ಹೊತ್ತಿಗೆ ತಿಳಿಯುತ್ತದೆ.

ಫಕೀರಪ್ಪ ನಿಮಗೆ ಶಾಪ ಹಾಕಲಿಲ್ಲ. ಮಾಫಿಯನ್ನೂ ಮಾಡಲಿಲ್ಲ. ವಕೀಲರಿಗೆ ಬರೆದುಕೊಡಿ, ಲೈಸೆನ್ಸಾದರೂ ತಿರುಗಿ ಸಿಗುತ್ತದೋ ನೋಡೋಣ ಅಂದಿದ್ದಾನೆ. ಅದನ್ನು ತಪ್ಪಿಸಬೇಡಿ. ಗೋಡೆಯ ಕಡೆ ತಿರುಗಿ ಏನಂದಿರಿ ಅಂತ ಕೇಳಿದೆ. ಹೇಳಲು ಒಪ್ಪಲಿಲ್ಲ. "ಅದು ಮಿಸ್ತ್ರಿಗೆ ಕೇಳಬಾರದು ಅಂತಽ ಆ ಕಡೆ ತಿರುಗಿ ಅಂದೇನಿ ತಂಗಿ. ಐದು ವರ್ಷ ಹೊಟ್ಟ್ಯಾಗ ಇಟಗೊಂಡಿದ್ದೆ, ಗ್ವಾಡಿಗೆ ಹೇಳಿದೆ, ಹಗುರಾತು. ನೀ ಕೇಳಬ್ಯಾಡ" ಅಂದ. ನಾನು ಅಲ್ಲಿಂದ ಏಳಲಿಲ್ಲ. ಕಡೆಗೆ ಹೇಳಿದ. ಅವನ ಮಾತಿನಲ್ಲೇ ಬರೆಯುತ್ತೇನೆ.

"ಸಪ್ಪಳ ನನಗೂ ಕೇಳತಿತ್ತು. ನವಲಗುಂದ ದಾಟಿದ ಮ್ಯಾಲೆ ಜಾಸ್ತಿ ಆತು. ಗಾಡಿ ಬದಿಗೆ ಹಚ್ಚಿ, ಗಾಲಿ ಬಿಚ್ಚಿ ನೋಡೂಣು ಅಂದೆ. ನಿಮ್ಮ ಗಂಡನೂ ಹೂಂ ಅಂದ. ಆಮ್ಯಾಲೆ, 'ತಡೀರಿ, ಮನ್ಯಾಗ ಒಂದ ಮಾತ ಕೇಳತೇನಿ, ಆಕಿ ಗ್ಯಾರೇಜಿನ್ಯಾಗ ಬೆಳದಾಕಿ' ಅಂತ ಫೋನ್ ಹಚ್ಚಿದ. ಮಾತಾಡಿ ಫೋನ್ ಇಟ್ಟು, 'ನಡೀರಿ, ಆಕಿನೂ ಏನೂ ಇಲ್ಲಂದ್ಲು' ಅಂದ. ಗಂಡ ಸತ್ತ ಹೆಣ್ಮಗಳ ಹೆಸರು ಕೋರ್ಟಿಗೆ ಯಾಕ ಎಳೀಬೇಕಂತ ನಾ ಬಾಯಿ ಬಿಡಲಿಲ್ಲ. ಮಿಸ್ತ್ರಿ ಬಂದು ತನ್ನ ಕಿವಿ ಸುದ್ದಿ ಹೇಳಿದಾಗ, ಇದು ಮಗಳಿಗೆ ಗೊತ್ತಿತ್ತು ಅನ್ನೂದು ತಿಳೀತು. ಅದನ್ನ ಆ ಮುದುಕನ ಮಾರಿ ನೋಡಿ ಹ್ಯಾಂಗ ಹೇಳ್ಲಿ?"

ಹಡಗಿನಲ್ಲಿ ನಿಮಗೆ ಹೇಳಬೇಕಾಗಿದ್ದ ಮಾತು ಇದೇ ಅಬ್ಬಾ. ಅವನಿಗೆ ಗೊತ್ತಿದೆ ಅನ್ನುವುದು ನನಗೆ ಗೊತ್ತಿರಲಿಲ್ಲ.

ಮದುವೆಯ ದಿನ ನನ್ನನ್ನು ಕಳಿಸುವಾಗ ನೀವು ಬದಿಗೆ ಕರೆದು, "ಶಹಬಾಜಗ ನನ್ನ ಕಿವಿ ಸುದ್ದಿ ಹೇಳಬ್ಯಾಡವಾ, ಅಳಿಯನ ಮುಂದ ನನ್ನ ಮಾನ ಉಳಸು" ಅಂದಿರಿ. ನಾನು ಹೂಂ ಅಂದಿದ್ದೆ. ಆ ದಿನ ಅವರು ಫೋನ್ ಮಾಡಿ, "ಗಾಲ್ಯಾಗ ಸಪ್ಪಳೈತಿ, ಮಾಮಾ ಮಾತ್ರ ಏನೂ ಇಲ್ಲಂತಾರ, ಏನ ಮಾಡ್ಲಿ?" ಅಂತ ಕೇಳಿದರು. ಫೋನಿನಲ್ಲಿ ಆ ಸಪ್ಪಳ ನನಗೂ ಕೇಳುತ್ತಿತ್ತು. ನಿಮ್ಮ ಪಕ್ಕದಲ್ಲಿ ಕೂತು ನೂರಾರು ಸಲ ಕೇಳಿದ ಸಪ್ಪಳ. ಇಳಿಯಿರಿ ಅಂದರೆ ಯಾಕೆ ಅಂತ ಕೇಳುತ್ತಿದ್ದರು. ನಿಮ್ಮ ಗುಟ್ಟು ಹೊರಗೆ ಬರುತ್ತಿತ್ತು. "ಅಬ್ಬಾ ಇಲ್ಲಂದ್ರ ಇಲ್ಲ, ಹೋಗಿ ಬರ್ರಿ" ಅಂದೆ.

ನಿಮಗೆ ಕೇಳಿಸಿರಲಿಲ್ಲ. ನನಗೆ ಕೇಳಿಸಿತ್ತು. ಎರಡು ಸಲ ಒತ್ತಬೇಕಾಗಿತ್ತು, ನಾನು ಒಂದೇ ಸಲ ಒತ್ತಿದೆ.

ಮುಸರತ